ಚಿಪ್ಪಿನ ಒಳಮೈ

ಇಪ್ಪತ್ತಾರು ವರ್ಷಗಳಿಂದ ನಾನು ಸತ್ತವರ ಎಂಜಲು ಆರಿಸುತ್ತಿದ್ದೇನೆ. ಏನು ಕೆಲಸ ಎಂದು ಕೇಳಿದವರಿಗೆ ಹೀಗೆಯೇ ಹೇಳಿಬಿಡುತ್ತೇನೆ. ಅವರು ಮುಂದೆ ಏನೂ ಕೇಳುವುದಿಲ್ಲ, ವಿವರಿಸುವ ಶ್ರಮ ನನಗೂ ತಪ್ಪುತ್ತದೆ.

ಕೆಲಸವೇನೋ ಸರಳ. ಎಲ್ಲೋ ಹಳೆಯ ಜಾಗವನ್ನು ಅಗೆಯುತ್ತಾರೆ. ಕಸದ ಗುಂಡಿ ಸಿಕ್ಕಿದರೆ ಅದರ ಮಣ್ಣನ್ನು ಚೀಲಗಳಲ್ಲಿ ತುಂಬಿ ನಮ್ಮ ವಸ್ತುಸಂಗ್ರಹಾಲಯದ ನೆಲಮಾಳಿಗೆಗೆ ಕಳಿಸುತ್ತಾರೆ. ಅಲ್ಲಿ ಜರಡಿಯಣ್ಣ ಅದನ್ನು ನೀರಿನಲ್ಲಿ ಕದಡಿ, ಸೋಸಿ, ಹಳೆಯ ಪತ್ರಿಕೆಗಳ ಮೇಲೆ ಒಣಹಾಕುತ್ತಾನೆ. ಅವನಿಗೊಂದು ಹೆಸರಿದೆ, ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ಯಾರಿಗೂ ಅದು ನೆನಪಿಲ್ಲ. ಜರಡಿಯಲ್ಲಿ ಉಳಿದ ಚೂರುಪಾರನ್ನು ನಾನು ಬಿಳಿ ತಟ್ಟೆಯಲ್ಲಿ ಹರಡಿಕೊಂಡು, ದೀಪದ ಕೆಳಗೆ ಬಗ್ಗಿ, ಚಿಮಟದಿಂದ ಒಂದೊಂದಾಗಿ ಆರಿಸುತ್ತೇನೆ. ಮೂಳೆ ಒಂದು ಡಬ್ಬಿಗೆ, ಸುಟ್ಟ ಕಾಳು ಒಂದು ಡಬ್ಬಿಗೆ, ಮೊಟ್ಟೆಯ ಚಿಪ್ಪು ಒಂದು ಡಬ್ಬಿಗೆ. ಬರೆದಿಟ್ಟ ಕಾಗದ ಸುಳ್ಳು ಹೇಳಬಹುದು, ಎಂಜಲು ಹೇಳುವುದಿಲ್ಲ ಎಂದು ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ, ನೋಡಲು ಬಂದ ಅತಿಥಿಗಳಿಗೆಲ್ಲ ಹೇಳುತ್ತಾರೆ. ಅವರು ಹೇಳುವಾಗ ನನ್ನನ್ನು ತೋರಿಸುತ್ತಾರೆ. ನಾನು ತಲೆ ಎತ್ತುವುದಿಲ್ಲ. ಎತ್ತಿದರೆ ಕತ್ತು ನೋಯುತ್ತದೆ.

ಚಿಪ್ಪು ನನ್ನ ಪಾಲಿನ ವಿದ್ಯೆ. ಕಿರುಬೆರಳಿನ ಉಗುರಿಗಿಂತ ಚಿಕ್ಕ ಚೂರು ಸಾಕು, ಕೋಳಿಯದೋ ಬಾತುಕೋಳಿಯದೋ ಹೇಳಬಲ್ಲೆ. ಅದು ಹೊರಮೈ ಹೇಳುವ ಮಾತು. ನಿಜವಾದ ಮಾತಿರುವುದು ಒಳಮೈಯಲ್ಲಿ. ಇಟ್ಟ ಕೂಡಲೇ ಬೇಯಿಸಿ ತಿಂದ ಮೊಟ್ಟೆಯ ಚಿಪ್ಪನ್ನು ತಿರುಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗೆಲ್ಲ ಸಣ್ಣ ಸಣ್ಣ ಮೊನೆಗಳು ಒತ್ತೊತ್ತಾಗಿ ನಿಂತಿರುತ್ತವೆ. ಮೊಟ್ಟೆ ಕಾವಿಗೆ ಕೂತು ಒಳಗೆ ಮರಿ ಬೆಳೆಯತೊಡಗಿದರೆ, ಮರಿ ತನ್ನ ಮೂಳೆಗೆ ಬೇಕಾದ ಸುಣ್ಣವನ್ನು ಆ ಮೊನೆಗಳಿಂದಲೇ ತೆಗೆದುಕೊಳ್ಳುತ್ತದೆ. ಆಗ ಮೊನೆಗಳು ಹಳೆಯ ಚಪ್ಪಲಿಯ ಅಡಿಯಂತೆ ಸವೆದು ಗುಳಿ ಬಿದ್ದಿರುತ್ತವೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ನಾನು ಕಲಿಸುವ ಮೊದಲ ಪಾಠವೇ ಅದು. ತಿರುಗಿಸಿ ನೋಡುವವರೆಗೆ ಬಾಯಿ ಬಿಡಬೇಡಿ.

ಆ ಪಾಠವನ್ನು ಮರೆತವಳು ನಾನೇ.

ಅದಕ್ಕೆ ಮೊದಲು ಅಮ್ಮನ ವಿಷಯ ಹೇಳಬೇಕು. ಅಮ್ಮ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುತ್ತಿದ್ದವಳು, ನಿವೃತ್ತಳಾಗಿ ಇಪ್ಪತ್ತು ವರ್ಷ ದಾಟಿತು, ಈಗ ಎಪ್ಪತ್ತೊಂಬತ್ತು. ನನ್ನ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ. ಅವಳಿಗೆ ನಾಲ್ಕು ವರ್ಷವಾಗಿದ್ದಾಗ, ಅವಳ ಅಕ್ಕನಿಗೆ ಒಂಬತ್ತಾಗಿದ್ದಾಗ, ಅಪ್ಪ ಅಮ್ಮ ಇಬ್ಬರನ್ನೂ ಒಂದೇ ಜ್ವರ ಕೊಂಡೊಯ್ದಿತು. ಅಕ್ಕತಂಗಿಯರನ್ನು ಊರಿನ ಅನಾಥಾಲಯಕ್ಕೆ ಸೇರಿಸಿದರು. ಮೂರು ವರ್ಷ ಅಲ್ಲಿದ್ದರು. ಆಮೇಲೆ ದೂರದ ಸಂಬಂಧಿಯೊಬ್ಬಳು ಬಂದು ಮನೆಗೆಲಸಕ್ಕೆಂದು ಇಬ್ಬರನ್ನೂ ಕರೆದುಕೊಂಡು ಹೋದಳು.

ಆ ಮೂರು ವರ್ಷಗಳಲ್ಲಿ ಅಮ್ಮನಿಗೆ ನೆನಪಿರುವುದು ಒಂದೇ, ಭಾನುವಾರದ ಮೊಟ್ಟೆ. ಪ್ರತಿ ಭಾನುವಾರ ಮಧ್ಯಾಹ್ನ ಒಬ್ಬೊಬ್ಬರಿಗೆ ಒಂದೊಂದು ಬೇಯಿಸಿದ ಮೊಟ್ಟೆ. ಇದನ್ನು ಅವಳು ಎಷ್ಟು ಸಲ ಹೇಳಿದ್ದಾಳೆಂದರೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನಾನು ಒಪ್ಪಿಸಬಲ್ಲೆ. ಆ ಕತೆಗೆ ಒಂದು ಬಾಲವೂ ಇದೆ.

"ನನ್ನ ತಟ್ಟೆಗೆ ಮೊಟ್ಟೆ ಬೀಳೋದೇ ತಡ, ಅಕ್ಕ ಕಿತ್ಕೊಳ್ಳೋಳು. ಬೆನ್ನು ತಿರುಗಿಸ್ಕೊಂಡು ಸಿಪ್ಪೆ ಬಿಡಿಸೋಳು. 'ಕಣ್ಣು ಮುಚ್ಕೋ, ಇಪ್ಪತ್ತು ಎಣ್ಸು, ಕಣ್ಣು ಬಿಟ್ರೆ ಮೊಟ್ಟೆ ಹಾರಿ ಹೋಗುತ್ತೆ' ಅನ್ನೋಳು. ನಾನು ಪೆದ್ದು, ಎಣಿಸ್ತಾ ಕೂರ್ತಿದ್ದೆ. ಒಂದೊಂದು ವಾರ ಪೂರ್ತಿ ಕೊಡೋಳು, ಒಂದೊಂದು ವಾರ ಅರ್ಧ. ಅವಳ ಬಾಯಿ ಮಾತ್ರ ಯಾವತ್ತೂ ತುಂಬಿರೋದು."

ಅಮ್ಮ ಇವತ್ತಿಗೂ ಮೊಟ್ಟೆ ತಿನ್ನುವಾಗ ಕಣ್ಣು ಮುಚ್ಚುತ್ತಾಳೆ. ಮೊಟ್ಟೆಯನ್ನು ತಟ್ಟೆಯಲ್ಲಿಟ್ಟುಕೊಂಡು, ತುಟಿ ಅಲುಗಿಸುತ್ತ ಇಪ್ಪತ್ತು ಎಣಿಸಿ, ಕಣ್ಣು ಮುಚ್ಚಿಕೊಂಡೇ ಬಾಯಿಗಿಡುತ್ತಾಳೆ. ಚಿಕ್ಕವಳಿದ್ದಾಗ ನನಗೂ ಹಾಗೆಯೇ ತಿನ್ನಿಸುತ್ತಿದ್ದಳು. ಶಾಲೆಯಲ್ಲಿ ನಾನು ಕಣ್ಣು ಮುಚ್ಚಿ ಮೊಟ್ಟೆ ತಿಂದದ್ದನ್ನು ನೋಡಿ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮನೆಗೆ ಬಂದು ಜಗಳ ಮಾಡಿದರೆ, "ಕಣ್ಣು ಮುಚ್ಚಿದ್ರೆ ರುಚಿ ಜಾಸ್ತಿ" ಎಂದು ಅಮ್ಮ ಬಾಯಿ ಮುಚ್ಚಿಸಿದ್ದಳು.

ಆ ಅಕ್ಕ ಎಂದರೆ ನನ್ನ ದೊಡ್ಡಮ್ಮ. ಅಂಗಿ ಕಾರ್ಖಾನೆಯಲ್ಲಿ ನಲವತ್ತು ವರ್ಷ ಕಾಜಾ ಹಾಕಿ ಹಾಕಿ ಕಣ್ಣು ಕಳೆದುಕೊಂಡವಳು. ಈಗ ಎಂಬತ್ತನಾಲ್ಕು. ಬಟ್ಟೆ ಒಗೆಯುವ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಒಬ್ಬಳೇ ಇದ್ದಾಳೆ. ನಮ್ಮ ಮನೆಯಿಂದ ಬಸ್ಸಿನಲ್ಲಿ ಹನ್ನೆರಡು ನಿಮಿಷದ ದಾರಿ. ಹನ್ನೆರಡು ನಿಮಿಷದ ಈ ದಾರಿಯನ್ನು ಅಮ್ಮ ಹತ್ತೊಂಬತ್ತು ವರ್ಷದಿಂದ ತುಳಿದಿಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ಅನಾಥಾಲಯವನ್ನು ಮುಚ್ಚುವಾಗ ವಿಚಾರಣೆ ನಡೆಯಿತು. ಹಿಂದೆ ಅಲ್ಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಕೇಳಿದರು. ದೊಡ್ಡಮ್ಮ ಹೋಗಿ, ಕೆಟ್ಟದ್ದನ್ನೇ ತಿನ್ನಿಸುತ್ತಿದ್ದರು, ಬಿಟ್ಟರೆ ರಾತ್ರಿ ಊಟವಿಲ್ಲ ಎಂದಳು. ಮರುದಿನ ಅಮ್ಮ ಹೋಗಿ, ಛೇ, ವಾರವಾರ ಒಳ್ಳೆಯ ಮೊಟ್ಟೆ ಕೊಡುತ್ತಿದ್ದರು, ನಾನೇ ತಿಂದಿದ್ದೇನೆ ಎಂದಳು. ಸ್ವಂತ ತಂಗಿಯೇ ಹೀಗೆ ಹೇಳಿದ ಮೇಲೆ ಕೇಳುವುದೇನು ಎಂದು ವಿಚಾರಣೆಯವರು ದೊಡ್ಡಮ್ಮನ ಹೇಳಿಕೆಯನ್ನು ಬದಿಗಿಟ್ಟರು. ನಾಲ್ಕು ಜನರ ಮುಂದೆ ನನ್ನನ್ನು ಸುಳ್ಳಿ ಮಾಡಿದಳು ಎಂದು ದೊಡ್ಡಮ್ಮ ಮಾತು ಬಿಟ್ಟಳು. ನನ್ನ ಮೊಟ್ಟೆ ಕಿತ್ತು ತಿಂದದ್ದಲ್ಲದೆ ಈಗ ಅನ್ನ ಹಾಕಿದವರ ಮೇಲೂ ಗೂಬೆ ಕೂರಿಸುತ್ತಾಳೆ ಎಂದು ಅಮ್ಮನೂ ಬಿಟ್ಟಳು.

ನಡುವೆ ಉಳಿದವಳು ನಾನು. ತಿಂಗಳ ಮೊದಲ ಶನಿವಾರ ದೊಡ್ಡಮ್ಮನಲ್ಲಿಗೆ ಹೋಗುತ್ತೇನೆ. ಅಮ್ಮನಿಗೆ ಕಚೇರಿಯಲ್ಲಿ ಕೆಲಸವಿದೆ ಎನ್ನುತ್ತೇನೆ. ಅದು ಸುಳ್ಳೆಂದು ಅಮ್ಮನಿಗೆ ಗೊತ್ತು. ನಾನು ಹೊರಡುವಾಗ ಮೇಜಿನ ಮೇಲೆ ಹಣ್ಣಿನ ಪೊಟ್ಟಣವೊಂದು ತನ್ನಷ್ಟಕ್ಕೆ ಬಂದು ಕೂತಿರುತ್ತದೆ. "ಇದು ಯಾರಿಗಮ್ಮ?" ಎಂದು ಕೇಳಿದರೆ, "ನಿನ್ನ ಕಚೇರಿಗೆ" ಎನ್ನುತ್ತಾಳೆ. ಅಕ್ಕತಂಗಿಯರಿಬ್ಬರ ಬಿಗುಮಾನವನ್ನು ಹತ್ತೊಂಬತ್ತು ವರ್ಷ ಬಸ್ಸಿನಲ್ಲಿ ಹೊತ್ತು ತಿರುಗಿ ನಾನು ಸುಸ್ತಾಗಿದ್ದೆ. ಕಳೆದ ಮಳೆಗಾಲದಲ್ಲಿ ವೈದ್ಯರು ದೊಡ್ಡಮ್ಮನ ಎದೆಗೆ ಯಂತ್ರ ಇಟ್ಟು ನೋಡಿ, ಇನ್ನೊಂದು ಚಳಿಗಾಲ ಕಷ್ಟ ಎಂದರು. ಅಂದಿನಿಂದ ನನ್ನ ತಲೆಯಲ್ಲಿದ್ದದ್ದು ಒಂದೇ. ಅಷ್ಟರೊಳಗೆ ಇವರಿಬ್ಬರು ಒಂದು ಮಾತಾದರೂ ಆಡಬೇಕು.

ಆಗಲೇ ಅನಾಥಾಲಯದ ಮಣ್ಣು ಬಂದದ್ದು. ಹಳೆಯ ಕಟ್ಟಡವನ್ನು ಕೆಡವಿ ಬಸ್ ಡಿಪೋ ಕಟ್ಟುತ್ತಾರಂತೆ. ಅದಕ್ಕೆ ಮೊದಲು ಮೂರು ತಿಂಗಳು ಅಗೆಯಲು ನಮ್ಮವರಿಗೆ ಬಿಟ್ಟಿದ್ದರು. ಎರಡು ಗುಂಡಿ ಸಿಕ್ಕಿದವು. ಒಂದು ಮಕ್ಕಳ ಅಡುಗೆಮನೆಯ ಹಿಂದೆ, ಇನ್ನೊಂದು ಮೇಲ್ವಿಚಾರಕರ ಮನೆಯ ಹಿಂದೆ. ಮಕ್ಕಳ ಗುಂಡಿಯ ಮೇಲೆ ಮುಂದೆ ಯಾವಾಗಲೋ ಬಚ್ಚಲು ಕಟ್ಟಿದ್ದರಿಂದ ಒಳಗಿದ್ದದ್ದು ಹಾಗೆಯೇ ಉಳಿದಿತ್ತು. ಬೂದಿ, ಬಳಪದ ತುಂಡು, ಸಣ್ಣ ಅಂಗಿಗಳ ಗುಂಡಿ, ಲೋಟದ ಒಡಕು. ಬಚ್ಚಲ ಗೋಡೆಯಲ್ಲಿ ಕೆತ್ತಿದ್ದ ಇಸವಿಯಿಂದ ಲೆಕ್ಕ ಹಾಕಿದರೆ, ಅಮ್ಮ ಅಲ್ಲಿದ್ದ ವರ್ಷಗಳದೇ ಕಸ.

"ನಿಮ್ಮಮ್ಮ ಹೇಳೋ ಮೊಟ್ಟೆ ಇದ್ರಲ್ಲಿದ್ರೂ ಇರಬಹುದು" ಎಂದು ಜರಡಿಯಣ್ಣ ಮೊದಲ ತಟ್ಟೆಯನ್ನು ನನ್ನ ಮುಂದಿಟ್ಟ. ಅವನಿಗೆ ನಮ್ಮ ಮನೆಯ ಪುರಾಣವೆಲ್ಲ ಬಾಯಿಪಾಠ. ಮೇಡಂಗೆ ನಾನು ಹೇಳಿರಲಿಲ್ಲ. ಹೇಳಿದರೆ ಬೇರೆಯವರಿಗೆ ಕೊಡುತ್ತಾರೇನೋ ಎಂಬ ಅಳುಕು.

ಮೊದಲ ತಟ್ಟೆಯಲ್ಲೇ ಹನ್ನೊಂದು ಚೂರು. ವಾರ ಕಳೆಯುವಷ್ಟರಲ್ಲಿ ನಾನೂರು ದಾಟಿತು. ಎಲ್ಲ ಕೋಳಿಯವೇ. ಸ್ವಲ್ಪ ತೆಳ್ಳಗಿದ್ದವು, ಕೋಳಿಗಳಿಗೆ ಮೇವು ಸಾಲದೇನೋ ಎಂದುಕೊಂಡೆ. ಒಂದೆರಡು ಸೂಜಿಯಷ್ಟು ಸಪೂರ ಮೂಳೆಗಳು ಸಿಕ್ಕಿದವು, ಮೀನಿನ ಮುಳ್ಳು ಎಂದು ಚೀಟಿ ಬರೆದು ಮೂಳೆಯ ಡಬ್ಬಿಗೆ ಹಾಕಿದೆ. ಎಣಿಸಿದೆ, ತೂಗಿದೆ, ದಪ್ಪ ಅಳೆದೆ. ತಿರುಗಿಸಿ ನೋಡುವ ಕೆಲಸವನ್ನು ಮುಂದಿನ ವಾರಕ್ಕಿಟ್ಟೆ. ಕತ್ತು ಕಿತ್ತು ಬರುತ್ತಿತ್ತು ಎಂಬುದೊಂದು ನೆಪ. ನಿಜ ಹೇಳಬೇಕೆಂದರೆ, ನನಗೆ ಬೇಕಾದ ಉತ್ತರ ಸಿಕ್ಕಿಬಿಟ್ಟಿತ್ತು. ದಿನಾ ಜೊತೆಯಲ್ಲಿ ಕೂತು ಉಣ್ಣುವವಳ ಮಾತೇ ಗೆಲ್ಲಲಿ ಎಂಬ ಆಸೆ ನನಗಿತ್ತು. ಅಮ್ಮ ಗೆದ್ದರೆ ದೊಡ್ಡಮ್ಮ ಸೋಲೊಪ್ಪಿಕೊಳ್ಳುತ್ತಾಳೆ, ಸೋಲೊಪ್ಪಿಕೊಂಡರೆ ಜಗಳ ಮುಗಿಯುತ್ತದೆ ಎಂದು ಲೆಕ್ಕ ಹಾಕಿದ್ದೆ. ಮೇಡಂ ಕೇಳಿದಾಗ, ಮಕ್ಕಳು ಧಾರಾಳವಾಗಿ ಮೊಟ್ಟೆ ತಿಂದಿದ್ದಾರೆ ಎಂದೂ ಹೇಳಿಬಿಟ್ಟೆ. ಅವರು ಸಂತೋಷದಿಂದ ಬರೆದುಕೊಂಡರು.

ಆ ಶನಿವಾರ ದೊಡ್ಡಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಕೆಳಗಿನ ಅಂಗಡಿಯಿಂದ ಸೋಪಿನ ಹಬೆ ಮೇಲೆ ಬರುತ್ತಿತ್ತು. ಬೆಳಕು ಕತ್ತಲೆ ಬಿಟ್ಟರೆ ಅವಳಿಗೆ ಇನ್ನೇನೂ ಕಾಣಿಸುವುದಿಲ್ಲ. ಆದರೂ ಮೆಟ್ಟಿಲಿನ ಸದ್ದಿನಲ್ಲೇ ನನ್ನ ಗುರುತು ಹಿಡಿಯುತ್ತಾಳೆ. ಹಣ್ಣಿನ ಪೊಟ್ಟಣವನ್ನು ಕೈಗಿಟ್ಟೆ.

"ನಿನ್ನ ಕಚೇರಿಯವ್ರು ಕೊಟ್ರಾ?" ಎಂದಳು.

"ಹೂಂ."

"ಒಳ್ಳೆ ಕಚೇರಿ" ಎಂದು ಒಂದು ಹಣ್ಣನ್ನು ತಡವಿ ಮೂಸಿ ನೋಡಿದಳು. ಏನೇ ಕೊಟ್ಟರೂ ಅವಳು ಹಾಗೆ ಮೂಸಿಯೇ ಬಾಯಿಗಿಡುವುದು. ಮೊಟ್ಟೆಯನ್ನಂತೂ ಮುಟ್ಟುವುದೇ ಇಲ್ಲ. ವಾಸನೆ ಆಗುವುದಿಲ್ಲ ಎನ್ನುತ್ತಾಳೆ. ಈ ಎರಡನ್ನೂ ನಾನು ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದೇನೆ, ಒಂದು ದಿನವೂ ಏಕೆ ಎಂದು ಕೇಳಿರಲಿಲ್ಲ.

"ದೊಡ್ಡಮ್ಮ, ಆ ಅಡುಗೆಮನೆ ಗುಂಡಿ ಮಣ್ಣು ನಮ್ಮಲ್ಲಿಗೇ ಬಂದಿದೆ. ಮೊಟ್ಟೆ ಸಿಪ್ಪೆ ಸಿಕ್ತು. ಬೇಕಾದಷ್ಟು."

ಅವಳು ಹಣ್ಣನ್ನು ಮಡಿಲಲ್ಲಿಟ್ಟುಕೊಂಡಳು. "ಅಂದ್ರೆ ಅವಳು ಹೇಳಿದ್ದೇ ನಿಜ ಅಂತಾಯ್ತು."

"ಕೊಡ್ತಿದ್ದಿದ್ದಂತೂ ನಿಜ. ಈಗ್ಲಾದ್ರೂ ಬಿಟ್ಬಿಡು ದೊಡ್ಡಮ್ಮ. ಇಬ್ರಿಗೂ ವಯಸ್ಸಾಯ್ತು. ನೀನೊಂದು ಮಾತು ಹೇಳು ಸಾಕು, ಅವಳನ್ನ ನಾನು ಕರ್ಕೊಂಡು ಬರ್ತೀನಿ."

"ಏನಂತ ಹೇಳ್ಲಿ? ನಾನು ಸುಳ್ಳು ಹೇಳಿದ್ದೆ ಅಂತಾನಾ?"

ದೊಡ್ಡಮ್ಮ ಮಡಿಲಿನ ಹಣ್ಣನ್ನು ತಿರುಗಿ ಪೊಟ್ಟಣಕ್ಕೆ ಹಾಕಿ, "ನಿನ್ನ ಮೈಕ್ರೋಸ್ಕೋಪೂ ನಿಮ್ಮಮ್ಮನ ಕಡೆಗೇ ಸೇರ್ತಲ್ಲ" ಎಂದಳು. ನಗುತ್ತಾಳೆಂದುಕೊಂಡೆ, ನಗಲಿಲ್ಲ. "ಮುಂದಿನ ತಿಂಗಳು ನೀನು ಬರೋ ಕಷ್ಟ ತಗೋಬೇಡ. ಹಣ್ಣೂ ಬೇಡ. ತಗೊಂಡು ಹೋಗು."

ಹಣ್ಣಿನ ಪೊಟ್ಟಣವನ್ನು ಹಿಡಿದುಕೊಂಡೇ ಬಸ್ಸು ಹತ್ತಿದೆ. ಮನೆಗೆ ಮುಟ್ಟಿದಾಗ ಅಮ್ಮ ಪೊಟ್ಟಣವನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು, ಏನೂ ಕೇಳದೆ ಒಳಗೆ ಹೋದಳು. ಅವಳ ಮೇಲೂ ಸಿಟ್ಟು ಬಂತು, ದೊಡ್ಡಮ್ಮನ ಮೇಲೂ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ.

ಸೋಮವಾರ ಸಪ್ಪೆ ಮುಖ ಹೊತ್ತು ಕೂತು ಚಿಪ್ಪುಗಳನ್ನು ತಿರುಗಿಸತೊಡಗಿದೆ. ಮೊದಲ ಚೂರು ಸವೆದಿತ್ತು. ಮಣ್ಣಿನ ಹುಳಿಗೆ ಹಾಗಾಗಿರಬೇಕು ಎಂದುಕೊಂಡು ಎರಡನೆಯದನ್ನು ತೆಗೆದೆ. ಅದೂ ಸವೆದಿತ್ತು. ಮೂರನೆಯದರಲ್ಲಿ ಮೊನೆಗಳು ಚೂಪಾಗಿದ್ದವು. ಅಂದರೆ ಮಣ್ಣಿನದು ತಪ್ಪಿಲ್ಲ. ನಾಲ್ಕು, ಐದು, ಆರು, ಎಲ್ಲದರಲ್ಲೂ ಗುಳಿ. ಮರಿ ಪೂರ್ತಿ ಬೆಳೆದು ಒಡೆದು ಹೊರಬಂದಿದ್ದರೆ ಮೊನೆಗಳು ಪೂರ್ತಿ ಸವೆದಿರಬೇಕಿತ್ತು, ಇವು ಅಷ್ಟು ಸವೆದಿರಲಿಲ್ಲ. ಸವೆತ ಅರ್ಧಕ್ಕೆ ನಿಂತಿತ್ತು. ಹದಿನಾಲ್ಕೋ ಹದಿನೈದೋ ದಿನ ಕಾವಿಗೆ ಕೂತು, ಮರಿ ಒಳಗೇ ಸತ್ತು, ಆಮೇಲೆ ಬೆಂದ ಮೊಟ್ಟೆಗಳು.

ಎದ್ದು ಹೋಗಿ ಮೂಳೆಯ ಡಬ್ಬಿಯಿಂದ ಆ ಮೀನಿನ ಮುಳ್ಳುಗಳನ್ನು ತಂದು ದೀಪದ ಕೆಳಗಿಟ್ಟೆ. ಮೀನಿನವಲ್ಲ. ಹುಟ್ಟದೇ ಹೋದ ಮರಿಯ ಕಾಲು.

ಆ ಜಾಗದ ಹಳೆಯ ನಕ್ಷೆಯಲ್ಲಿ ಕೋಳಿ ಸಾಕುವ ಕೊಟ್ಟಿಗೆಯೊಂದಿದೆ, ಅಲ್ಲಿ ಮರಿ ಮಾಡಿಸಿ ಮಾರುತ್ತಿದ್ದರೆಂದು ನಾನೇ ಓದಿದ್ದೆ. ಕಾವು ಕೂತು ಮರಿಯಾಗದ ಮೊಟ್ಟೆಗಳೆಲ್ಲ ಮಕ್ಕಳ ಅಡುಗೆಮನೆಗೆ ಬಂದಿದ್ದವು. ಅವುಗಳಲ್ಲಿ ಮರಿಯೇ ಕಟ್ಟದವು ಕೆಲವು, ತಿನ್ನಲು ಬರುವಂಥವು. ಉಳಿದವು ಹೀಗೆ. ಮೇಲ್ವಿಚಾರಕರ ಗುಂಡಿಯ ಚಿಪ್ಪುಗಳನ್ನೂ ತೆಗೆದು ನೋಡಿದೆ. ಅರವತ್ತೆಂಟು ಚೂರು, ಅರವತ್ತೆಂಟರಲ್ಲೂ ಮೊನೆಗಳು ಹೊಸದರಂತೆ ಚೂಪಾಗಿದ್ದವು.

"ತಿರುಗಿಸಿ ನೋಡ್ದೆ ಬಾಯಿ ಬಿಡಬೇಡ ಅಂತ ಹತ್ತು ವರ್ಷ ನನ್ನ ಬೈದೋಳು ಯಾರು? ನಿನ್ನ ತಂಗಿನಾ?" ಎಂದ ಜರಡಿಯಣ್ಣ. ನನ್ನ ಮುಖ ನೋಡಿ ನಗೆ ನಿಲ್ಲಿಸಿ, ಒಂದು ಲೋಟ ಚಹಾ ತಂದಿಟ್ಟು ಹೋದ.

ನಾಲ್ಕು ದಿನ ಒಂದೊಂದು ಚೂರನ್ನೂ ತಿರುಗಿಸಿದೆ. ಹತ್ತರಲ್ಲಿ ಮೂರು ಒಳ್ಳೆಯವು, ಏಳು ಕೆಟ್ಟವು. ಮೇಡಂ ಕೋಣೆಗೆ ಹೋಗಿ, ನಾನು ಹೇಳಿದ್ದು ತಪ್ಪು, ಹೊಡೆದು ಹಾಕಿ ಎಂದೆ. ಅಮ್ಮ, ದೊಡ್ಡಮ್ಮ ಅಲ್ಲಿದ್ದವರು ಎಂಬುದನ್ನೂ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಬರೆದ ಸಾಲನ್ನು ನನ್ನೆದುರೇ ಹೊಡೆದು ಹಾಕಿ, "ನಾಳೆ ರಜಾ ತಗೊಳ್ಳಿ" ಎಂದರು.

ಆ ನಾಲ್ಕು ದಿನವೂ ನನ್ನನ್ನು ಕಾಡುತ್ತಿದ್ದದ್ದು ಒಂದೇ ಪ್ರಶ್ನೆ. ಹತ್ತರಲ್ಲಿ ಏಳು ಕೆಟ್ಟದ್ದಾಗಿದ್ದರೆ, ಮೂರು ವರ್ಷದಲ್ಲಿ ಅಮ್ಮನ ತಟ್ಟೆಗೆ ಒಂದೂ ಕೆಟ್ಟ ಮೊಟ್ಟೆ ಬೀಳದೇ ಇದ್ದದ್ದು ಹೇಗೆ? ಉತ್ತರ ನನಗೆ ಗೊತ್ತಿತ್ತು. ಐವತ್ತು ವರ್ಷದಿಂದ ಅದನ್ನು ಕತೆಯ ಬಾಲ ಎಂದು ಕೇಳಿಸಿಕೊಂಡು ಬಂದಿದ್ದೆ.

ರಜೆಯ ದಿನ ಬೆಳಗ್ಗೆಯೇ ದೊಡ್ಡಮ್ಮನ ಬಾಗಿಲು ತಟ್ಟಿದೆ.

"ಬರಬೇಡ ಅಂದಿದ್ದೆ" ಎಂಬ ಧ್ವನಿ ಬಂತು. ಬಾಗಿಲು ಮಾತ್ರ ತೆಗೆದೇ ಇತ್ತು.

ಅವಳ ಕಾಲ ಬಳಿ ನೆಲದ ಮೇಲೆ ಕೂತೆ. "ನಾನು ಸಿಪ್ಪೆನ ಹೊರಗಡೆ ಮಾತ್ರ ನೋಡಿದ್ದೆ ದೊಡ್ಡಮ್ಮ. ಈಗ ಒಳಗಡೆ ನೋಡ್ದೆ."

ಕೆಳಗೆ ಬಟ್ಟೆ ತಿರುಗಿಸುವ ಯಂತ್ರ ಗಡಗಡ ಎನ್ನುತ್ತಿತ್ತು.

"ಎಪ್ಪತ್ತೈದು ವರ್ಷ ಆದ್ಮೇಲೂ ಕಾಣುತ್ತಾ ಅದು?"

"ಕಾಣುತ್ತೆ."

"ಹಾಳಾದ್ದು" ಎಂದಳು. ಆಮೇಲೆ ಮಾತು ತಾನಾಗಿ ಬಂತು. "ಮೊದಲನೇ ಭಾನುವಾರ ನನ್ನದನ್ನ ಬಿಡಿಸ್ದೆ. ಒಳಗೆ ಕಣ್ಣಿತ್ತು ಮಗಳೇ. ಪುಕ್ಕ ಬರ್ತಾ ಇತ್ತು. ಪಕ್ಕದಲ್ಲಿ ನಿಮ್ಮಮ್ಮ ತನ್ನದನ್ನ ತಟ್ಟೆಗೆ ಕುಟ್ಟಿ ಒಡೀತಾ ಇದ್ಲು. ನಾಲ್ಕು ವರ್ಷದ ಕೂಸು. ಬಂದ ದಿನದಿಂದ ಏನೂ ತಿಂದಿರ್ಲಿಲ್ಲ, ಅಮ್ಮ ಬೇಕು ಅಂತ ಒಂದೇ ಹಟ. ಅದನ್ನ ನೋಡ್ಬಿಟ್ಟಿದ್ರೆ ಮತ್ತೆ ಬಾಯೇ ತೆಗೀತಿರ್ಲಿಲ್ಲ. ಕಿತ್ಕೊಂಡೆ. ಕಣ್ಣು ಮುಚ್ಕೋ ಅಂದೆ. ಎರಡ್ರಲ್ಲಿ ಒಂದು ಚೆನ್ನಾಗಿದ್ರೆ ಅವಳಿಗೆ. ಎರಡೂ ಕೆಟ್ಟದ್ದಾದ್ರೆ, ನನ್ನ ಬ್ರೆಡ್ಡು ಕೊಟ್ಟು ಯಾರ ಹತ್ರಾನೋ ಅರ್ಧ ತಗೋತಿದ್ದೆ."

"ಕೆಟ್ಟದ್ದು?"

"ತಟ್ಟೇಲಿ ಬಿಟ್ರೆ ರಾತ್ರಿ ಊಟ ಇಲ್ಲ. ನನಗೊಬ್ಬಳಿಗಲ್ಲ, ಪಕ್ಕದಲ್ಲಿ ಕೂತೋಳಿಗೂ ಇಲ್ಲ." ಅವಳು ತುಟಿ ಒರೆಸಿಕೊಂಡಳು. "ನುಂಗ್ತಿದ್ದೆ. ಅಗೀತಿರ್ಲಿಲ್ಲ. ಅವಳು ಇಪ್ಪತ್ತು ಎಣಿಸೋದ್ರೊಳಗೆ ಮುಗಿಸ್ಬೇಕಿತ್ತು."

ನನಗೆ ಅಳು ಬಂತು. ಅತ್ತುಬಿಟ್ಟೆ. ಅವಳ ಕೈ ನನ್ನ ತಲೆಯನ್ನು ಹುಡುಕಿ ಬಂದು ಕೂತಿತು.

"ವಿಚಾರಣೇಲಿ ಇದನ್ನ ಯಾಕೆ ಹೇಳ್ಲಿಲ್ಲ ದೊಡ್ಡಮ್ಮ? ಹತ್ತೊಂಬತ್ತು ವರ್ಷ ಸುಳ್ಳಿ ಅನ್ನಿಸ್ಕೊಂಡು ಕೂತೆಯಲ್ಲ."

"ಅವಳನ್ನೂ ಕರೀತಾರೆ ಅಂತ ನಂಗೇನು ಗೊತ್ತಿತ್ತು? ಅವಳು ಹೋಗಿ ವಾರವಾರ ಒಳ್ಳೆ ಮೊಟ್ಟೆ ತಿಂದೆ ಅಂದ್ಲು. ಅವಳ ಬಾಲ್ಯದಲ್ಲಿ ಇರೋದೇ ಅದೊಂದು. ನಾನು ಕಷ್ಟಪಟ್ಟು ಮಾಡಿಟ್ಟಿದ್ದು. ಅದನ್ನ ನಾನೇ ಹೋಗಿ ಕೆಡಿಸ್ಲಾ?" ಎಂದಳು. "ಸಿಟ್ಟು ಬಂದಿದ್ದು ನಿಜ. ಈಗ್ಲೂ ಇದೆ. ಅದು ಬೇರೆ. ನೀನು ಅವಳಿಗೆ ಹೇಳ್ಬೇಡ."

ಹೇಳುವುದಿಲ್ಲ ಎಂದು ಮಾತು ಕೊಟ್ಟು ಬಂದೆ. ಬಸ್ಸಿನಲ್ಲಿ ಕೂತಾಗ ನಾನು ಇನ್ನಷ್ಟು ಸಿಕ್ಕಿಹಾಕಿಕೊಂಡಿರುವುದು ತಿಳಿಯಿತು. ಹೇಳಿದರೆ ಜಗಳ ಮುಗಿಯುತ್ತದೆ, ಅಮ್ಮನ ಮೊಟ್ಟೆ ಹೋಗುತ್ತದೆ. ಹೇಳದಿದ್ದರೆ ಮೊಟ್ಟೆ ಉಳಿಯುತ್ತದೆ, ದೊಡ್ಡಮ್ಮ ಹಾಗೆಯೇ ಹೋಗಿಬಿಡುತ್ತಾಳೆ.

ಭಾನುವಾರ ಮಧ್ಯಾಹ್ನ ನಾಲ್ಕು ಮೊಟ್ಟೆ ಬೇಯಿಸಿದೆ. ಅಮ್ಮ ಮೇಜಿಗೆ ಬಂದು ಕೂತು ವಾರದಿಂದ ಹಿಡಿದಿಟ್ಟಿದ್ದನ್ನು ಕೇಳಿದಳು.

"ಗುಂಡೀಲಿ ಮೊಟ್ಟೆ ಸಿಪ್ಪೆ ಸಿಕ್ತಂತೆ. ಜರಡಿಯಣ್ಣ ಫೋನ್‌ನಲ್ಲಿ ಹೇಳ್ದ. ನೀನು ಬಾಯೇ ಬಿಡ್ಲಿಲ್ಲ."

ಮನಸ್ಸಿನಲ್ಲೇ ಜರಡಿಯಣ್ಣನಿಗೆ ಮಂಗಳಾರತಿ ಎತ್ತಿದೆ. "ಸಿಕ್ತು."

"ನಾನು ಹೇಳಿದ್ದೇ ಸರಿ ಅಲ್ವಾ?"

"ಹೂಂ."

"ಹೂಂ ಅಂದ್ರೆ? ಸರಿಯಾಗಿ ಹೇಳು. ನಿನ್ನ ದೊಡ್ಡಮ್ಮಂಗೆ ಹೇಳಿದ್ಯಾ? ಕೆಟ್ಟದ್ದು ಕೊಡ್ತಿದ್ರು ಅಂದ್ಲಲ್ಲ, ಈಗೇನಂತಾಳೆ? ಎಲ್ಲಾ ಒಳ್ಳೇದೇ ಇತ್ತು ತಾನೆ?"

ಸುಳ್ಳು ಹೇಳಬೇಕೆಂದೇ ಬಾಯಿ ತೆರೆದೆ. ಆದರೆ ಹತ್ತೊಂಬತ್ತು ವರ್ಷ ಇಬ್ಬರಿಗೂ ಸುಳ್ಳು ಹೇಳಿ ಹೇಳಿ ನನ್ನಲ್ಲಿದ್ದ ಸುಳ್ಳು ಖಾಲಿಯಾಗಿತ್ತು. ಅಷ್ಟೇ ಕಾರಣ. ದೊಡ್ಡ ನಿರ್ಧಾರವೇನೂ ಮಾಡಲಿಲ್ಲ.

"ಹತ್ತರಲ್ಲಿ ಮೂರು ಒಳ್ಳೇದು" ಎಂದೆ.

"ಮಿಕ್ಕಿದ್ದು?"

"ಕಾವು ಕೂತಿದ್ದು. ಒಳಗೆ ಮರಿ ಸತ್ತಿದ್ದು."

ಅಮ್ಮ ನಕ್ಕಳು. "ಹೋಗೇ. ನನಗೆ ಒಂದು ದಿನಾನೂ ಅಂಥದ್ದು ಬರ್ಲಿಲ್ಲ." ಸ್ವಲ್ಪ ತಡೆದು, "ಬೇರೆ ಮಕ್ಕಳು ವಾಂತಿ ಮಾಡ್ತಿದ್ರು. ಆತುರದಲ್ಲಿ ನುಂಗಿ ಕಕ್ತಾರೆ, ಹೊಟ್ಟೆಬಾಕರು ಅಂತ ಅಂದ್ಕೊಂಡಿದ್ದೆ" ಎಂದಳು. ಇನ್ನೂ ಸ್ವಲ್ಪ ತಡೆದು, "ಒಂದು ದಿನಾನೂ ಬರ್ಲಿಲ್ಲ" ಎಂದಳು.

ನಾನು ಮುಂದೆ ಏನೂ ಹೇಳಬೇಕಾಗಲಿಲ್ಲ. ಮೂವತ್ತೈದು ವರ್ಷ ಬರೀ ವಿಳಾಸ ನೋಡಿ ಪತ್ರವನ್ನು ಸರಿಯಾದ ಗೂಡಿಗೆ ಹಾಕಿದ ಹೆಂಗಸು ಅವಳು. ಅವಳ ಎರಡು ಕೈಗಳೂ ಮೇಜಿನ ಮೇಲೆ ಅಲುಗಾಡದೆ ಇದ್ದವು. ಕಣ್ಣುಗಳು ತಟ್ಟೆಯಲ್ಲಿದ್ದ ಮೊಟ್ಟೆಯನ್ನು ನೋಡುತ್ತಿದ್ದವು. ಮೊಟ್ಟೆಯನ್ನು ಅವಳು ಅಷ್ಟು ಹೊತ್ತು ಕಣ್ಣು ತೆರೆದು ನೋಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಬೆನ್ನು ತಿರುಗಿಸ್ಕೊಂಡು ಬಿಡಿಸೋಳು" ಎಂದಳು.

"ಹೂಂ ಅಮ್ಮ."

"ಮೂರು ವರ್ಷ."

"ಹೂಂ."

ಅವಳು ಎದ್ದು ಕರವಸ್ತ್ರ ತಂದು ಎರಡು ಮೊಟ್ಟೆ ಕಟ್ಟಿಕೊಂಡಳು. ಬಾಗಿಲ ಬಳಿ ಚಪ್ಪಲಿ ಹುಡುಕುತ್ತ, "ಯಾವ ಬಸ್ಸು?" ಎಂದು ಕೇಳಿದಳು.

ದೊಡ್ಡಮ್ಮನ ಮನೆಯ ಮೆಟ್ಟಿಲು ಕಡಿದು. ಅಮ್ಮ ಪ್ರತಿ ಮೂರು ಮೆಟ್ಟಿಲಿಗೆ ನಿಂತಳು. ಮೇಲಿನಿಂದ ದೊಡ್ಡಮ್ಮ, "ನಿನ್ನ ಜೊತೆ ಯಾರೇ ಅದು, ಇಷ್ಟು ಏದುಸಿರು ಬಿಡೋದು?" ಎಂದಳು. ಆಮೇಲೆ ಅವಳಿಗೆ ಅರ್ಥವಾಗಿರಬೇಕು, ಧ್ವನಿ ನಿಂತಿತು.

ಅಮ್ಮ ಒಳಗೆ ಹೋಗಿ ಮಂಚದ ತುದಿಯಲ್ಲಿ, ಅಕ್ಕನ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು. ಅಮ್ಮ ಗಂಟು ಬಿಚ್ಚಿ ಒಂದು ಮೊಟ್ಟೆಯನ್ನು ಕುರ್ಚಿಯ ತೋಳಿಗೆ ಕುಟ್ಟಿ ಸಿಪ್ಪೆ ಬಿಡಿಸತೊಡಗಿದಳು. ಆ ಸದ್ದಿಗೆ ದೊಡ್ಡಮ್ಮನ ಮುಖ ಬಿಗಿಯಿತು.

"ಹೇಳ್ಬೇಡ ಅಂದಿದ್ದೆ" ಎಂದಳು ನನ್ನ ಕಡೆಗೆ.

"ಅವಳನ್ನ ಬೈಬೇಡ. ಅವಳು ಅರ್ಧ ಹೇಳಿದ್ಲು, ಅರ್ಧ ನಾನೇ ಎಣಿಸ್ಕೊಂಡೆ" ಎಂದಳು ಅಮ್ಮ. ಮೊಟ್ಟೆಯನ್ನು ಎರಡಾಗಿ ಬಿಡಿಸಿ, ಬೆಳಕಿಗೆ ಹಿಡಿದು ಒಳಗೆಲ್ಲ ನೋಡಿದಳು. ಮೂಸಿ ನೋಡಿದಳು. "ಅಕ್ಕ, ಕಣ್ಣು ಮುಚ್ಕೋ."

"ಕಾಣ್ಸೋದೇ ಇಲ್ಲ, ಮುಚ್ಚೋದೇನು ಬಂತು."

"ಆದ್ರೂ ಮುಚ್ಕೋ. ಇಪ್ಪತ್ತು ಎಣ್ಸು."

"ನನಗೆ ಮೊಟ್ಟೆ ಆಗಲ್ಲ ಪುಟ್ಟಿ."

"ಒಳ್ಳೇದಿದೆ. ನಾನು ನೋಡಿದೀನಿ."

ದೊಡ್ಡಮ್ಮ ಕಣ್ಣು ಮುಚ್ಚಿದಳು. ಒಂದು, ಎರಡು ಎಂದು ಎಣಿಸತೊಡಗಿದಳು. ಒಂಬತ್ತಕ್ಕೆ ನಿಂತಳು. ಹತ್ತು ಎಂದು ಅಮ್ಮ ಮುಂದುವರಿಸಿದಳು, ಕೈಯಲ್ಲಿ ಮೊಟ್ಟೆಯ ಅರ್ಧ ಹಿಡಿದುಕೊಂಡು, ಅವಸರ ಮಾಡದೆ. ಇಪ್ಪತ್ತಕ್ಕೆ ದೊಡ್ಡಮ್ಮ ಬಾಯಿ ತೆರೆದಳು.